ಒತ್ತು ಸಾಲದ ಕಾದಂಬರಿ

ಪರೀಕ್ಷೆಗೆ ಓದುವ ಮಕ್ಕಳು ಆ ಕಾದಂಬರಿಕಾರರನ್ನು ದೇವರಂತೆ ಕಾಣುತ್ತಿದ್ದರು. 'ಈ ಭಾಗದ ಸಾರಾಂಶ ಬರೆಯಿರಿ' ಎಂಬ ಪ್ರಶ್ನೆ ಬಂದರೆ ಮೂಲವನ್ನೇ ಇಳಿಸಿದರೂ ಪೂರ್ತಿ ಅಂಕ ಸಿಗುತ್ತಿತ್ತು. ಅವರ ವಾಕ್ಯಗಳು ಅಷ್ಟು ಚಿಕ್ಕವು. 'ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಅವನು ಕೂತುಕೊಂಡ.' ಹೀಗೆಯೇ ಇಪ್ಪತ್ತೆರಡು ಕಾದಂಬರಿ. ಒಂದರಲ್ಲೂ ಒಂದು ಮಾತು ಹೆಚ್ಚಾಯಿತೆಂದು ಯಾರೂ ದೂರಿರಲಿಲ್ಲ.

ಬಾಯಿ ತೆರೆದರೆ ಮಾತ್ರ ಮನುಷ್ಯ ಬೇರೆ. ಸಭೆಯಲ್ಲಿ 'ಎರಡೇ ಮಾತು ಹೇಳಿ ಕೂರುತ್ತೇನೆ' ಎಂದು ಅವರು ಎದ್ದು ನಿಂತರೆ ಹಿಂದಿನ ಸಾಲಿನವರು ಮೆಲ್ಲಗೆ ಬಾಗಿಲ ಕಡೆ ನೋಡತೊಡಗುತ್ತಿದ್ದರು. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದವನಿಗೆ ಅವರು ಉತ್ತರ ಕೊಟ್ಟು ಮುಗಿಸುವಷ್ಟರಲ್ಲಿ ಬಸ್ಸು ಬಂದು ಹೋಗಿರುತ್ತಿತ್ತು.

ಬಾಯಲ್ಲಿ ಹೊಳೆ ಹರಿಸುವವರು ಬರೆಯುವಾಗ ಹನಿ ಲೆಕ್ಕ ಹಾಕುವುದು ಏಕೆ? ಇದನ್ನು ವಿವರಿಸಿಯೇ ಕನ್ನಡದ ಪ್ರೊಫೆಸರರೊಬ್ಬರು ಪ್ರೊಫೆಸರರಾದದ್ದು. ಯಾವುದೋ ದೊಡ್ಡ ದುಃಖಕ್ಕೆ ಸಿಕ್ಕ ಕಾದಂಬರಿಕಾರರು ಅಲಂಕಾರಗಳನ್ನೆಲ್ಲ ಕಿತ್ತೆಸೆದು ಭಾಷೆಯಲ್ಲೇ ಸಂನ್ಯಾಸ ತೆಗೆದುಕೊಂಡರು ಎಂಬುದು ಅವರ ವಾದ. ಅದಕ್ಕೆ 'ಪದಸಂನ್ಯಾಸ' ಎಂದು ಹೆಸರಿಟ್ಟಿದ್ದರು. ಆ ಒಂದು ಶಬ್ದದ ಬೆನ್ನಿಗೆ ಅವರಿಗೆ ಡಾಕ್ಟರೇಟ್ ಬಂತು, ಬಡ್ತಿ ಬಂತು, ಮೂರು ಸಲ ವಿಮಾನದ ಟಿಕೆಟ್ಟೂ ಬಂತು. ಯಾವ ದುಃಖ ಎಂಬುದೊಂದು ಮಾತ್ರ ಗೊತ್ತಾಗಿರಲಿಲ್ಲ. ಕಾದಂಬರಿಕಾರರಿಗೆ ಎಪ್ಪತ್ತು ತುಂಬಿದ ವರ್ಷ, ಜೀವನಚರಿತ್ರೆ ಬರೆಯುವ ನೆಪದಲ್ಲಿ ಆ ದುಃಖ ಹುಡುಕಲು ಪ್ರೊಫೆಸರರು ಮಂಗಳವಾರ ಮತ್ತು ಶುಕ್ರವಾರ ಅವರ ಮನೆಗೆ ಬರತೊಡಗಿದರು.

ನಿಜ ಸಂಗತಿ ಏನೆಂದರೆ, ಕಾದಂಬರಿಕಾರರಿಗೆ ಚಿಕ್ಕ ವಾಕ್ಯ ಕಂಡರೆ ಆಗುತ್ತಿರಲಿಲ್ಲ.

ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ರೈಲು ನಿಲ್ದಾಣದ ಕಳೆದುಹೋದ ವಸ್ತುಗಳ ಕೋಣೆಯಲ್ಲಿ ಗುಮಾಸ್ತರಾಗಿದ್ದರು. ಪ್ರಯಾಣಿಕರು ಬೋಗಿಯಲ್ಲಿ ಮರೆತ ಕೊಡೆ, ಟೋಪಿ, ಪೆಟ್ಟಿಗೆಗಳು ಆ ಕೋಣೆಗೆ ಬರುತ್ತಿದ್ದವು. ಅವನ್ನು ದಪ್ಪ ದಾಖಲೆ ಪುಸ್ತಕದಲ್ಲಿ ಬರೆದಿಡುವುದು ಅವರ ಕೆಲಸ. ಮನೆಗೆ ಹೋದರೆ ನಿಘಂಟು ತೆರೆದು ಕೂತು ತಮ್ಮ ಮೊದಲ ಕಾದಂಬರಿ ಬರೆಯುತ್ತಿದ್ದರು. ನಾಲ್ಕು ವರ್ಷ ಬರೆದು, ನಾನೂರ ಹನ್ನೆರಡು ಹಾಳೆಯ ಕಟ್ಟನ್ನು ಎದೆಗವಚಿಕೊಂಡು ಪ್ರೆಸ್ಸಿಗೆ ಹೋದರು.

ಅದು ಪೇಟೆಯ ಹಿಂದಿನ ಗಲ್ಲಿಯ ಸಣ್ಣ ಪ್ರೆಸ್ಸು. ಔಷಧಿ ಬಾಟಲಿಯ ಚೀಟಿ, ಬಸ್ಸಿನ ವೇಳಾಪಟ್ಟಿ, ಅಂಗಡಿಯ ಕರಪತ್ರ ಅಚ್ಚಾಗುತ್ತಿದ್ದವು. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಎತ್ತಿ ಸಾಲು ಜೋಡಿಸುತ್ತಿದ್ದವಳು ಪ್ರೆಸ್ಸಿನ ಯಜಮಾನನ ತಂಗಿಯ ಮಗಳು. ವಯಸ್ಸು ಇಪ್ಪತ್ತೈದು, ಮಾತು ಕಡಿಮೆ, ಬೆರಳು ಚುರುಕು. ಎರಡು ಪುಟ ಜೋಡಿಸಿ ಮೂರನೆಯದಕ್ಕೆ ಬಂದಾಗ ಆಕೆ ಕಾದಂಬರಿಕಾರರನ್ನು ಕರೆಸಿದಳು.

"ಸಾರ್, ಈ ಜ್ಯೋತ್ಸ್ನೆ ಆಗಲ್ಲ."

"ಆಗಲ್ಲ ಅಂದ್ರೆ?"

"ತ-ಗೆ ಸ ಒತ್ತು, ಅದರ ಕೆಳಗೆ ಮತ್ತೆ ನ ಒತ್ತು. ಅಷ್ಟು ಒತ್ತಿನ ಮೊಳೆ ನಮ್ಮಲ್ಲಿಲ್ಲ. ಔಷಧಿ ಚೀಟಿಗೆ ಯಾರು ಜ್ಯೋತ್ಸ್ನೆ ಹಾಕಿಸ್ತಾರೆ?" ಆಕೆ ಮೊಳೆಪೆಟ್ಟಿಗೆಯ ಖಾಲಿ ಗೂಡು ತೋರಿಸಿದಳು. "ಎರಡು ಪುಟಕ್ಕೇ ತಳ ಕಾಣಿಸ್ತು ನೋಡಿ."

ಕಾದಂಬರಿಕಾರರು ಗೂಡಿನೊಳಗೆ ಬಗ್ಗಿ ನೋಡಿದರು. ಒಂದು ಸತ್ತ ನೊಣ ಬಿಟ್ಟರೆ ಏನೂ ಇರಲಿಲ್ಲ.

ಆ ಹಾಳೆಯಲ್ಲಿದ್ದ ವಾಕ್ಯ ಇದು: 'ಜ್ಯೋತ್ಸ್ನಾಪರಿಪ್ಲುತವಾದ ಆ ನಿಶೀಥಿನಿಯ ನಿಸ್ತಬ್ಧತೆಯಲ್ಲಿ ಆಕೆಯ ನೇತ್ರದ್ವಯದಿಂದ ಅಶ್ರುಧಾರೆಯು ಅವಿಚ್ಛಿನ್ನವಾಗಿ ಪ್ರವಹಿಸಿತು.'

"ಇಲ್ಲಿ ಏನು ಹೇಳ್ತಿದೀರಿ? ಬಾಯಲ್ಲಿ ಹೇಳಿ," ಎಂದಳು ಆಕೆ.

"ಅಂದ್ರೆ... ಬೆಳದಿಂಗಳಿತ್ತು."

"ಆ ತ ಒತ್ತು ಬೇಕಾದಷ್ಟಿದೆ." ಆಕೆ ಆಗಲೇ ಮೊಳೆ ಎತ್ತತೊಡಗಿದ್ದಳು. "ಆಮೇಲೆ?"

"ಅವಳು ಅಳುತ್ತಿದ್ದಳು."

"ಆಯ್ತು. ಆಮೇಲೆ?"

ಹೀಗೆ ಎಂಟು ತಿಂಗಳು ನಡೆಯಿತು. ಪ್ರತಿ ಸಂಜೆ ಕೆಲಸ ಮುಗಿಸಿ ಕಾದಂಬರಿಕಾರರು ಪ್ರೆಸ್ಸಿಗೆ ಬರುವುದು, ಸ್ಟೂಲಿನ ಮೇಲೆ ಕೂರುವುದು, ಒಂದೊಂದು ಶಬ್ದಕ್ಕೂ ಜಗಳವಾಡುವುದು. ಅವರು 'ಹೃದಯವಿದ್ರಾವಕ' ಎಂದರೆ ಆಕೆ "ಯಾರಿಗೆ, ಎಷ್ಟು ನೋವಾಯ್ತು ಅಷ್ಟು ಹೇಳಿ" ಎನ್ನುವಳು. ಒಮ್ಮೆ ಒಂದು ಸೂರ್ಯಾಸ್ತವನ್ನು ಉಳಿಸಿಕೊಳ್ಳಲು ಅವರು ಮೂರು ದಿನ ಹೋರಾಡಿದರು. ಕೊನೆಗೆ 'ಕತ್ತಲಾಯಿತು' ಎಂಬಲ್ಲಿಗೆ ರಾಜಿಯಾಯಿತು.

ಒಂದು ದಿನ ಪುಟವೊಂದರ ಅನುಮಾನ ಕೇಳಲು ಆಕೆಯೇ ನಿಲ್ದಾಣಕ್ಕೆ ಬಂದಳು. ಕಾದಂಬರಿಕಾರರು ಯಾರಿಗೋ ಪೆಟ್ಟಿಗೆ ತೆಗೆದುಕೊಡುತ್ತಿದ್ದರು. ಆಕೆ ಮೇಜಿನ ಮೇಲಿದ್ದ ದಾಖಲೆ ಪುಸ್ತಕ ತಿರುವಿದಳು. 'ಹಲ್ಲಿನ ಸೆಟ್ಟು, ಮೇಲಿನದು. ಕರವಸ್ತ್ರದಲ್ಲಿ ಸುತ್ತಿದೆ. ನಾಲ್ಕು ದಿನವಾಯಿತು. ಇನ್ನೂ ಯಾರೂ ಬಂದಿಲ್ಲ.' ಇನ್ನೊಂದು: 'ಕನ್ನಡಕ. ಎಡಗಾಜು ಒಡೆದಿದೆ. ಮುದುಕಿಯೊಬ್ಬರು ಬಂದು ನೋಡಿ, ತಮ್ಮದಲ್ಲ ಎಂದರು. ಹಾಕಿಕೊಂಡು ನೋಡಿದರು. ಹೋದರು.'

"ಇದನ್ನ ಬರೆದಿದ್ದು ಯಾರು?"

"ನಾನೇ. ಆಫೀಸಿನ ಕೆಲಸ, ಬಿಡಿ."

"ಇದು ಚೆನ್ನಾಗಿದೆಯಲ್ಲ!"

ಹೊಗಳಿದಳೋ ಬೈದಳೋ ಕಾದಂಬರಿಕಾರರಿಗೆ ತಿಳಿಯಲಿಲ್ಲ.

ನಾನೂರ ಹನ್ನೆರಡು ಹಾಳೆಯ ಕಾದಂಬರಿ ಬಿಸಿನೀರಿಗೆ ಬಿದ್ದ ಉಣ್ಣೆಯ ಅಂಗಿಯಂತೆ ಕುಗ್ಗಿ ತೊಂಬತ್ತಾರು ಪುಟದ ಪುಸ್ತಕವಾಗಿ ಹೊರಬಿತ್ತು. ನಾಚಿಕೆಯಿಂದ ಅವರು ಗೆಳೆಯರಿಗೂ ಕೊಡಲಿಲ್ಲ. ಆದರೆ ಹೇಗೋ ಒಂದು ಪ್ರತಿ ಒಬ್ಬ ಬಡಕಲು ಉಪನ್ಯಾಸಕರ ಕೈಗೆ ಸಿಕ್ಕಿತು. ಅವರೇ ಮುಂದೆ ಪ್ರೊಫೆಸರರಾದವರು. ಪತ್ರಿಕೆಯಲ್ಲಿ ಅವರ ವಿಮರ್ಶೆ ಬಂತು: 'ಇಲ್ಲಿ ಮಾತು ಉಪವಾಸ ಮಾಡುತ್ತಿದೆ.' ಜನ ಪುಸ್ತಕ ಹುಡುಕಿಕೊಂಡು ಬಂದರು, ಕೊಂಡರು, ಒಂದೇ ಗುಕ್ಕಿನಲ್ಲಿ ಓದಿದರು, ಅತ್ತರು. ಎರಡನೆಯ ಮುದ್ರಣ, ಮೂರನೆಯದು, ಬಹುಮಾನ, ಹಾರ, ಸನ್ಮಾನ.

ಎಂಟು ತಿಂಗಳು ಪಕ್ಕಪಕ್ಕ ಕೂತು ಜಗಳವಾಡಿದ ಮೇಲೆ ಬೇರೆ ಯಾರೊಡನೆಯೂ ಜಗಳವಾಡುವ ಉಮೇದು ಇಬ್ಬರಿಗೂ ಉಳಿದಿರಲಿಲ್ಲ. ಮದುವೆಯಾದರು. ಮುಂದಿನ ಕಾದಂಬರಿಗಳೂ ಅದೇ ಪ್ರೆಸ್ಸಿನಲ್ಲಿ, ಅದೇ ಬೆರಳುಗಳಲ್ಲಿ, ಅದೇ ಕೊರತೆಯಲ್ಲಿ ಅಚ್ಚಾದವು. ಒತ್ತಿನ ಮೊಳೆ ತರಿಸೋಣವೇ ಎಂದು ಕಾದಂಬರಿಕಾರರು ಕೇಳಿದಾಗಲೆಲ್ಲ ಹೆಂಡತಿ "ತರಿಸೋಣ, ಮುಂದಿನ ಸಲ" ಎನ್ನುತ್ತಿದ್ದಳು. ಕಾಲ ಉರುಳಿ ಪ್ರೆಸ್ಸು ಮುಚ್ಚಿತು, ಆಕೆ ಮನೆಯಲ್ಲೇ ಪ್ರೂಫ್ ತಿದ್ದತೊಡಗಿದಳು. ಅಷ್ಟರಲ್ಲಿ ಅವರ ಕೈಗೆ ಚಿಕ್ಕ ವಾಕ್ಯ ಅಂಟಿಕೊಂಡುಬಿಟ್ಟಿತ್ತು. ಸಭೆಗಳಲ್ಲಿ ಯಾರಾದರೂ ಕಾರಣ ಕೇಳಿದರೆ ಅವರು ಪ್ರೊಫೆಸರರ ವಾದವನ್ನೇ ಇನ್ನೂ ಉದ್ದ ಮಾಡಿ ಹೇಳುತ್ತಿದ್ದರು. ಹೇಳಿ ಹೇಳಿ ಅರ್ಧ ನಂಬಿಯೂ ಇದ್ದರು.

ಕೆಲಸದಿಂದ ನಿವೃತ್ತರಾದ ವರ್ಷ ಮಗಳು ಕಂಪ್ಯೂಟರ್ ತಂದುಕೊಟ್ಟಳು. ಕೀಲಿ ಒತ್ತಿದರೆ ಎಷ್ಟು ಒತ್ತು ಬೇಕೋ ಅಷ್ಟು, ತೀರಿತು ಎಂಬ ಮಾತೇ ಇಲ್ಲ. ಕಾದಂಬರಿಕಾರರು ಕದ ಹಾಕಿಕೊಂಡು 'ಜ್ಯೋತ್ಸ್ನೆ' ಎಂದು ನಲವತ್ತು ಸಲ ಹೊಡೆದರು. ಕಣ್ಣು ತುಂಬಿ ಬಂತು. ಹೆಂಡತಿ ಕಂಡುಬಿಟ್ಟಾಳೆಂದು ಎಲ್ಲ ಅಳಿಸಿ, ಮರುದಿನ ನೀಲಿ ರಟ್ಟಿನ ಒಂದು ನೋಟುಪುಸ್ತಕ ತಂದು, ತಾವು ಬಯಸಿದ್ದ ಕಾದಂಬರಿಯನ್ನು ಕದ್ದು ಬರೆಯಲು ಶುರುಮಾಡಿದರು. ಹನ್ನೊಂದು ವರ್ಷದಲ್ಲಿ ಹದಿನಾಲ್ಕು ನೋಟುಪುಸ್ತಕ ತುಂಬಿದವು. ಅವು ಕಪಾಟಿನ ಬಲಬದಿಯಲ್ಲಿ ಹಳೆಯ ಕಂಬಳಿಗಳ ಹಿಂದೆ ಇದ್ದವು.

ಆ ಶುಕ್ರವಾರ ಪ್ರೊಫೆಸರರು ಬಂದಾಗ ಕಾದಂಬರಿಕಾರರು ಹಲ್ಲು ಕೀಳಿಸಲು ಹೋಗಿದ್ದರು.

"ಹಳೇ ಕರಡು ಏನಾದ್ರೂ ಇದ್ಯಾಮ್ಮ?" ಎಂದು ಪ್ರೊಫೆಸರರು ಕೇಳಿದರು.

"ಕಪಾಟಿನ ಎಡಗಡೆ ನೋಡಿ," ಎಂದು ಹೆಂಡತಿ ಒಳಗಿನಿಂದ ಕೂಗಿ ಹೇಳಿದಳು.

ಪ್ರೊಫೆಸರರಿಗೆ ಎಡಬಲದ ಗೊಂದಲ ಹುಟ್ಟಿನಿಂದಲೇ ಇತ್ತು. ಐದು ನಿಮಿಷ ಕಳೆದು ಅವರು ಅಡುಗೆಮನೆಯ ಬಾಗಿಲಿಗೆ ಬಂದರು. ಮುಖ ಬಿಳಿಚಿತ್ತು, ಕೈಯಲ್ಲಿ ನೀಲಿ ನೋಟುಪುಸ್ತಕ, ಹೆಗಲ ಮೇಲೆ ಅರ್ಧ ಕಂಬಳಿ.

"ಅಮ್ಮಾ, ಇದು ಯಾರ ಬರಹ?"

"ಅವರದ್ದೇ."

"ಅವರದಲ್ಲ! ಒಂದನೇ ವಾಕ್ಯ ಎರಡೂವರೆ ಪುಟ ಇದೆ. ಕ್ರಿಯಾಪದ ಹುಡುಕ್ತಾ ಇದೀನಿ, ಸಿಕ್ತಾ ಇಲ್ಲ."

"ಮೂರನೇ ಪುಟದಲ್ಲಿದೆ," ಎಂದಳು ಹೆಂಡತಿ. "ಕೂತ್ಕೊಳಿ ಪ್ರೊಫೆಸರ್ರೇ, ನೀರು ಕುಡೀರಿ."

ಪ್ರೊಫೆಸರರು ಕೂತರು. ಅವರ ಕಣ್ಣ ಮುಂದೆ ಡಾಕ್ಟರೇಟು, ಬಡ್ತಿ, ವಿಮಾನ ಎಲ್ಲ ಸಾಲಾಗಿ ಮುಳುಗತೊಡಗಿದ್ದವು. "ಹಾಗಾದ್ರೆ ಪದಸಂನ್ಯಾಸ? ಆ ದೊಡ್ಡ ದುಃಖ?"

ಹೆಂಡತಿ ಕೈ ಒರೆಸಿಕೊಂಡು ಎದುರು ಕೂತು ಪ್ರೆಸ್ಸಿನ ಕತೆಯನ್ನೆಲ್ಲ ಹೇಳಿದಳು. ಆಕೆ ಮುಗಿಸುವ ಹೊತ್ತಿಗೆ ಕಾದಂಬರಿಕಾರರು ಊದಿದ ಕೆನ್ನೆ ಹಿಡಿದುಕೊಂಡು ಒಳಗೆ ಬಂದರು. ಮೇಜಿನ ಮೇಲಿನ ನೋಟುಪುಸ್ತಕ ಕಂಡು ನಿಂತಲ್ಲೇ ನಿಂತರು. ಬಾಯಿಗೆ ಜೋಮಿನ ಚುಚ್ಚುಮದ್ದು ಕೊಟ್ಟಿದ್ದರಿಂದ, ಜೀವಮಾನದಲ್ಲಿ ಮೊದಲ ಸಲ ಅವರಿಗೆ ಮಾತೇ ಹೊರಡಲಿಲ್ಲ.

ಪ್ರೊಫೆಸರರು ಎದ್ದು ನಿಂತರು. "ಸಾರ್, ಒಂದೇ ಒಂದು ಪ್ರಶ್ನೆ. ನಿಮ್ಮ ಶೈಲಿ ಹುಟ್ಟಿದ್ದು ಮೊಳೆ ಸಾಲದೆ ಇದ್ದಿದ್ದರಿಂದಾನಾ?"

ಕಾದಂಬರಿಕಾರರು ತಲೆ ತಗ್ಗಿಸಿ ಹೌದೆಂದು ಆಡಿಸಿದರು.

"ಮೊಳೆ ಸಾಲದೆ ಏನಲ್ಲ," ಎಂದಳು ಹೆಂಡತಿ.

ಇಬ್ಬರೂ ಆಕೆಯತ್ತ ತಿರುಗಿದರು.

"ಇತ್ತು. ಕೆಳಗಿನ ಡ್ರಾಯರಿನಲ್ಲಿ ಎರಡು ಪೆಟ್ಟಿಗೆ ತುಂಬ ಇತ್ತು. ನಮ್ಮ ಮಾವ ಹಿಂದಿನ ವರ್ಷಾನೇ ತರಿಸಿದ್ರು."

"ಥುಳ್ಳಾ?" ಎಂದರು ಕಾದಂಬರಿಕಾರರು. ಕೇಳಬೇಕೆಂದಿದ್ದದ್ದು ಸುಳ್ಳಾ ಎಂದು.

"ಸುಳ್ಳೇ. ಏನ್ಮಾಡ್ಲಿ ಹೇಳಿ? ಎರಡು ಪುಟ ಜೋಡಿಸೋದ್ರಲ್ಲಿ ನನ್ನ ಮಣಿಕಟ್ಟು ಹೋಯ್ತು. ಓದಿದ್ರೆ ತಲೆನೂ ಹೋಯ್ತು. ಚೆನ್ನಾಗಿಲ್ಲ ಅಂತ ಮುಖಕ್ಕೆ ಹೇಳಿದ್ರೆ ಕಟ್ಟು ಎತ್ಕೊಂಡು ಬೇರೆ ಪ್ರೆಸ್ಸಿಗೆ ಹೋಗ್ತಿದ್ರಿ. ಮೊಳೆ ಇಲ್ಲ ಅಂದ್ರೆ ಯಾರಿಗೂ ಬೇಜಾರಿಲ್ಲ."

"ನಲವತ್ತು ವಲ್ಸ!" ಎಂದರು ಕಾದಂಬರಿಕಾರರು. ಇನ್ನೂ ಬಹಳ ಹೇಳಿದರು. ತುಟಿ ಒಂದು ಕಡೆ ಜಾರಿ ಯಾವುದೂ ಅರ್ಥವಾಗಲಿಲ್ಲ. ಕೊನೆಗೆ ಹದಿನಾಲ್ಕೂ ನೋಟುಪುಸ್ತಕಗಳನ್ನು ಎರಡು ಸುತ್ತಿನಲ್ಲಿ ಹೊತ್ತುಕೊಂಡು ತಮ್ಮ ಕೋಣೆ ಸೇರಿ ಕದ ಹಾಕಿದರು.

ಮರುದಿನ ಬೆಳಗ್ಗೆ ನಾಲಿಗೆ ಮರಳಿ ಬಂತು, ಸೇಡಿನ ಸಮೇತ. ಇನ್ನು ಮನೆಯಲ್ಲಿ ಒತ್ತಕ್ಷರವಿಲ್ಲದ ಮಾತೇ ಆಡಬಾರದೆಂದು ಅವರು ನಿಶ್ಚಯಿಸಿಕೊಂಡಿದ್ದರು.

"ಸ್ನಾನಾರ್ಥವಾಗಿ ಉಷ್ಣೋದಕವು ಸಿದ್ಧವಿದೆಯೋ?"

"ಏನ್ರೀ?"

"ಉಷ್ಣೋದಕ!"

"ಅದೇನೋ ನಮ್ಮ ಮನೇಲಿಲ್ಲ," ಎಂದು ಹೆಂಡತಿ ತನ್ನ ಕೆಲಸಕ್ಕೆ ಹೋದಳು.

ಬಿಸಿನೀರು ಎಂದುಬಿಟ್ಟರೆ ಸೋತಂತೆ. ಕಾದಂಬರಿಕಾರರು ತಣ್ಣೀರಲ್ಲೇ ಮಿಂದರು. ಎರಡನೆಯ ದಿನವೂ ಹಾಗೇ. ಕನ್ನಡಕ ಹುಡುಕುವಾಗ 'ಉಪನೇತ್ರ' ಎಂದು, ಕುರ್ಚಿ ಸರಿಸುವಾಗ 'ಆಸನ ಸ್ಥಾನಾಂತರ' ಎಂದು ಮನೆಯೆಲ್ಲ ಓಡಾಡಿದರು. ಮಗಳು ಫೋನ್ ಮಾಡಿ ಹೇಗಿದೀರಪ್ಪ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಕೇಳಿ, ಡಾಕ್ಟರನ್ನು ಕರೆಯಲೇ ಎಂದು ತಾಯಿಯನ್ನು ವಿಚಾರಿಸಿದಳು.

ಮೂರನೆಯ ದಿನ ಬೆಳಗ್ಗೆ ಅವರು ಎದ್ದಾಗ ಮೂಗು ಕಟ್ಟಿತ್ತು, ಕಣ್ಣು ಕೆಂಪಾಗಿತ್ತು. ಹೆಂಡತಿ ಹಣೆ ಮುಟ್ಟಿ ನೋಡಿ ಗಂಭೀರವಾಗಿ ಹೇಳಿದಳು:

"ಪ್ರತಿಶ್ಯಾಯ."

"ಏನು?"

"ಪ್ರತಿಶ್ಯಾಯದ ಸ್ಪಷ್ಟ ಲಕ್ಷಣ. ಉಪೇಕ್ಷೆ ಮಾಡಿದ್ರೆ ಉಲ್ಬಣಿಸುತ್ತೆ."

ಕಾದಂಬರಿಕಾರರು ಈ ಶಬ್ದ ಎಲ್ಲೂ ಕೇಳಿರಲಿಲ್ಲ. ಕೇಳಲು ಅಭಿಮಾನ ಬಿಡಲಿಲ್ಲ, ಸುಮ್ಮನಿರಲು ಜೀವಭಯ ಬಿಡಲಿಲ್ಲ. ಸ್ವಲ್ಪ ಹೊತ್ತು ಹಾಸಿಗೆಯ ಮೇಲೆ ಹೊರಳಾಡಿ, "ಅದು... ವಾಸಿ ಆಗುತ್ತಾ?" ಎಂದು ಮೆಲ್ಲಗೆ ಕೇಳಿದರು.

"ನಿಘಂಟು ಅಲ್ಲೇ ಇದೆಯಲ್ಲ."

ಕಂಬಳಿ ಹೊದ್ದುಕೊಂಡೇ ಎದ್ದು ಹೋಗಿ ಪುಟ ತಿರುವಿದರು. ಪ್ರತಿವಾದ, ಪ್ರತಿಶಬ್ದ, ಪ್ರತಿಶ್ಯಾಯ. ಬೆರಳಿಟ್ಟು ಓದಿದರು: ನೆಗಡಿ.

ಸೀನಿದರು. ಸೀನಿನ ಹಿಂದೆಯೇ ನಗು ಬಂತು. ನಕ್ಕು ನಕ್ಕು ಕುರ್ಚಿ ಹಿಡಿದು ಕೂತರು. ಹೆಂಡತಿ ಒಲೆಯ ಮೇಲೆ ನೀರಿಟ್ಟು ಬಂದು ಪಕ್ಕದಲ್ಲಿ ಕೂತಳು.

"ಎಲ್ಲಿ ಕಲಿತೆ ಇದನ್ನ?"

"ನಿಮ್ಮ ನೋಟ್‌ಬುಕ್ ಓದೋಕೆ ನಿಘಂಟು ತಿರುವಿ ಹಾಕಿದೀನಿ. ದಿನಕ್ಕೆರಡು ಪುಟ, ನೀವು ವಾಕಿಂಗ್ ಹೋದಾಗ. ಕಂಬಳಿ ಬಿಸಿಲಿಗೆ ಹಾಕೋಳು ನಾನು, ನನಗೆ ಕಾಣಲ್ವಾ?"

"ಹದಿನಾಲ್ಕೂ ಓದಿದೆಯಾ?" ಕಾದಂಬರಿಕಾರರು ಮೂಗು ಒರೆಸಿಕೊಂಡರು. ಇಪ್ಪತ್ತೆರಡು ಕಾದಂಬರಿ ಬರೆದವರು ಮೊದಲ ಕತೆ ತಂದ ಹುಡುಗನಂತೆ ಕೇಳಿದರು. "ಹೇಗಿದೆ?"

"ಕೆಟ್ಟದಾಗಿದೆ ರೀ."

ಅವರು ನಿಘಂಟು ಮುಚ್ಚಿದರು.

"ಆದ್ರೆ ಏಳನೇ ಪುಸ್ತಕದಲ್ಲಿ ಒಬ್ಬಳು ಮೊಳೆ ಜೋಡಿಸೋಳು ಬರ್ತಾಳಲ್ಲ. ಅವಳ ಬೆರಳಿನ ಬಗ್ಗೆನೇ ಎರಡು ಪುಟ ಬರ್ದಿದೀರ. ಅದನ್ನ ಮೂರು ಸಲ ಓದ್ದೆ. ಕೆಟ್ಟದಾಗೇ ಇದೆ. ಆದ್ರೂ ಓದ್ದೆ." ಆಕೆ ಕಿಟಕಿಯ ಕಡೆ ನೋಡುತ್ತ ಹೇಳಿದಳು. "ಇಪ್ಪತ್ತೆರಡು ಕಾದಂಬರಿ ಬರೆದ್ರಿ. ನನ್ನ ಬಗ್ಗೆ ಒಂದು ಮಾತು ಬರೆದ್ರಾ?"

"ನೀನೇ ಮೊಳೆ ಇಲ್ಲ ಅಂದ್ಯಲ್ಲ!"

ಆಕೆಗೂ ನಗು ತಡೆಯಲಾಗಲಿಲ್ಲ. ಆ ಹೊತ್ತಿಗೆ ಒಲೆಯ ಮೇಲಿನ ನೀರು ಕುದಿದು ಉಕ್ಕುತ್ತಿತ್ತು. ಇಬ್ಬರೂ ಎದ್ದು ಓಡಿದರು.

ಮಂಗಳವಾರ ಪ್ರೊಫೆಸರರು ಬಂದಾಗ ನಾಲ್ಕು ದಿನದಲ್ಲಿ ನಾಲ್ಕು ಕೇಜಿ ಇಳಿದಂತಿದ್ದರು. ನೋಟುಪುಸ್ತಕಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು, ತಾವು ಬದುಕಿರುವವರೆಗಾದರೂ ತೆಗೆಯಬಾರದು ಎಂದು ಕೈ ಮುಗಿದರು.

"ಅಚ್ಚು ಹಾಕ್ಸೋಣ," ಎಂದಳು ಹೆಂಡತಿ.

"ಕೆಟ್ಟದಾಗಿದೆ ಅಂದೆ!" ಎಂದರು ಕಾದಂಬರಿಕಾರರು.

"ಅಂದೆ. ಆದ್ರೆ ನಲವತ್ತು ವರ್ಷ ನಾನು ಹೇಳಿದ್ದು ಕೇಳಿದೀರ. ಇದೊಂದು ನಿಮ್ಮಿಷ್ಟದ ಹಾಗಿರಲಿ. ಒಂದಕ್ಷರ ಮುಟ್ಟಲ್ಲ ನಾನು. ಕಾಗುಣಿತ ಬಿಟ್ಟು."

ಪ್ರಕಾಶಕರಿಗಂತೂ ಕಾದಂಬರಿಕಾರರ ಹೆಸರಿದ್ದರೆ ಸಾಕಿತ್ತು. ಒಂಬೈನೂರು ಪುಟ ಅಚ್ಚಿಗೆ ಹೋಯಿತು. ಪ್ರೊಫೆಸರರು ಎಂಟು ದಿನ ಮಂಕಾಗಿ ಕೂತಿದ್ದು, ಒಂಬತ್ತನೆಯ ದಿನ ಲಗುಬಗೆಯಿಂದ ಎದ್ದು, ನಲವತ್ತು ಪುಟದ ಮುನ್ನುಡಿ ಬರೆದುಕೊಟ್ಟರು. ಸರಳತೆಯ ಕೊನೆಯ ಮೆಟ್ಟಿಲು ಸರಳತೆಯನ್ನೂ ಬಿಟ್ಟುಕೊಡುವುದು ಎಂಬುದು ಅದರ ತಾತ್ಪರ್ಯ. ಜೀವನಚರಿತ್ರೆಯಲ್ಲಿ ಪದಸಂನ್ಯಾಸದ ಅಧ್ಯಾಯ ಹಾಗೇ ಉಳಿಯಿತು. ಅಡಿಟಿಪ್ಪಣಿಯಲ್ಲಿ ಮಾತ್ರ 'ಅಚ್ಚುಮೊಳೆಗಳ ಲಭ್ಯತೆಯೂ ಒಂದು ಗೌಣ ಕಾರಣವಾಗಿರಬಹುದು' ಎಂಬ ಸಾಲು ಸೇರಿತು.

ಪುಸ್ತಕ ಚೆನ್ನಾಗಿಯೇ ಖರ್ಚಾಯಿತು. ಒಂದು ತಿಂಗಳಲ್ಲಿ ಹಳೆಪುಸ್ತಕದ ಅಂಗಡಿಗಳ ತುಂಬ ಅದೇ. ಎಲ್ಲ ಪ್ರತಿಗಳಲ್ಲೂ ಒಂಬತ್ತನೆಯ ಪುಟದ ಮುಂದೆ ಹೊಸ ಕಾಗದದ ವಾಸನೆ ಇನ್ನೂ ಹೋಗಿರಲಿಲ್ಲ. ಒಬ್ಬ ಕ್ಷೌರಿಕರು ಕಾಗದ ಬರೆದರು: 'ಸ್ವಾಮಿ, ತಮ್ಮ ಹಿಂದಿನ ಪುಸ್ತಕ ಒಂದು ತಲೆಯ ಕೂದಲು ಕತ್ತರಿಸುವಷ್ಟರಲ್ಲಿ ಗಿರಾಕಿಗಳು ಅರ್ಧ ಓದುತ್ತಿದ್ದರು. ಇದನ್ನು ಸಣ್ಣ ಮಕ್ಕಳು ಬಂದಾಗ ಕುರ್ಚಿಯ ಮೇಲೆ ಎತ್ತರಕ್ಕೆ ಹಾಕುತ್ತಿದ್ದೇನೆ.' ಕಾದಂಬರಿಕಾರರು ಅದನ್ನು ಹೆಂಡತಿಗೆ ಎರಡು ಸಲ ಓದಿ ಹೇಳಿದರು. ಬೇಸರವೇನೂ ಆದಂತಿರಲಿಲ್ಲ. ಹೊಟ್ಟೆಯೊಳಗಿನ ಭಾರ ಇಳಿದವರಂತೆ ಆ ವರ್ಷವೆಲ್ಲ ಹಾಯಾಗಿ ಓಡಾಡಿಕೊಂಡಿದ್ದರು.

ಮುಂದಿನ ವರ್ಷ ಯಾರೂ ಕೇಳದೆ, ಯಾರೂ ತಡೆಯದೆ ಅವರು ಇನ್ನೊಂದು ಬರೆದರು. ನೂರಿಪ್ಪತ್ತು ಪುಟ. ಒಂದು ಪ್ರೆಸ್ಸು, ಅದರಲ್ಲೊಬ್ಬ ಹೆಂಗಸು. ಪ್ರೂಫು ಬಂದಾಗ ಹೆಂಡತಿ ಪೆನ್ಸಿಲ್ ಹಿಡಿದು ಕಿಟಕಿಯ ಬಳಿ ಕೂತಳು. ಕಾದಂಬರಿಕಾರರು ಪೇಪರ್ ಓದುವ ನಟನೆ ಮಾಡುತ್ತ ಎದುರು ಕೂತರು. ಮೂವತ್ತೊಂದನೆಯ ಪುಟದಲ್ಲಿ 'ಅವಳ ಎಡಗೈ ಬೆರಳು ಸೀಸದಿಂದ ಕಪ್ಪಾಗಿರುತ್ತಿತ್ತು' ಎಂದಿತ್ತು. ಪೆನ್ಸಿಲ್ ನಿಂತಿತು. ಎಡ ಎಂಬುದನ್ನು ಹೊಡೆದು ಆಕೆ ಬಲ ಎಂದು ಬರೆದಳು. ಬೇರೇನೂ ಮುಟ್ಟದೆ ಪುಟ ತಿರುವಿದಳು.

ಪುಸ್ತಕ ಅಂಗಡಿಗೆ ಬಂದ ವಾರವೇ ಪ್ರೊಫೆಸರರ ಫೋನ್ ಬಂತು. ಕಾದಂಬರಿಕಾರರು ಹೊರಗೆ ಹೋಗಿದ್ದರು.

"ಅಮ್ಮಾ, ಅದ್ಭುತ! ಸಾರ್ ನನಗೆ ಕೊಟ್ಟಿದ್ದ ಕರಡಿನಲ್ಲಿ ಎಡಗೈ ಇದ್ದದ್ದು ಪುಸ್ತಕದಲ್ಲಿ ಬಲಗೈ ಆಗಿದೆ. ಎಡದಿಂದ ಬಲಕ್ಕೆ ಈ ಪಲ್ಲಟ ಇದೆಯಲ್ಲ, ಇದರ ಹಿಂದೆ ಏನೋ ಇದೆ. ಏನು ಅಂತ ಸ್ವಲ್ಪ ಹೇಳ್ತೀರಾ?"

"ಎಡಗೈಯಲ್ಲಿ ಮೊಳೆ ಜೋಡಿಸೋ ಪಟ್ಟಿ ಹಿಡಿತಿದ್ದೆ ಪ್ರೊಫೆಸರ್ರೇ. ಮೊಳೆ ಎತ್ತೋದು ಬಲಗೈಯಲ್ಲಿ."

ಆ ಕಡೆಯಿಂದ ಕಾಗದದ ಮೇಲೆ ಪೆನ್ನು ಓಡುವ ಸದ್ದು ಕೇಳಿಸಿತು.

"ಇನ್ನೊಂದ್ಸಲ ನಿಧಾನವಾಗಿ ಹೇಳಿ," ಎಂದರು ಪ್ರೊಫೆಸರರು.